‘ಗ್ರೂಪಿಗೆ ಹಾಕಿದ್ದೆವಲ್ಲ’ ಅಂದರೆ ಮುಗಿಯಿತೇ ಮೇಷ್ಟ್ರೇ?

ಯಾವುದೇ ಸರ್ಕಾರಿ ಪದವಿ ಕಾಲೇಜಿನ ಆಫೀಸ್ ಕಿಟಕಿ ಮುಂದೆ ವರ್ಷಕ್ಕೆ ಎರಡು ಮೂರು ಸಲ ನಿಂತು ನೋಡಿ. ಒಂದೇ ಮಾತು ಕೇಳಿಸುತ್ತದೆ. “ಡೇಟ್ ಮುಗೀತಲ್ಲಮ್ಮ, ಗ್ರೂಪಿಗೆ ಹಾಕಿದ್ವಿ, ನೋಡ್ಲಿಲ್ವಾ?” ಆ ಕಡೆಯಿಂದ ಉತ್ತರವೂ ಒಂದೇ. “ನಮ್ಮ ಹತ್ರ ನೆಟ್ ಇರ್ಲಿಲ್ಲ ಸರ್.” ಅಲ್ಲಿಗೆ ಮಾತು ಮುಗಿಯಿತು. ಪರೀಕ್ಷಾ ಶುಲ್ಕವಾದರೆ ದಂಡ ಕಟ್ಟಿ ಪಾರಾಗಬಹುದು. ಸ್ಕಾಲರ್‌ಶಿಪ್ ಆದರೆ ಆ ವರ್ಷದ್ದು ಹೋದಂತೆಯೇ.

ಗ್ರೂಪಿಗೆ ಹಾಕುವುದು ತಿಳಿಸಿದಂತೆ ಅಲ್ಲ. ಪಂಚಾಯ್ತಿ ಕಟ್ಟೆಯ ಗೋಡೆಗೆ ನೋಟಿಸು ಅಂಟಿಸಿ ‘ಊರಿಗೆಲ್ಲ ಹೇಳಿದ್ದೇವೆ’ ಅನ್ನುವ ಹಳೇ ಚಾಳಿ ಇದೆಯಲ್ಲ, ಅದೇ ಈಗ ವಾಟ್ಸಾಪಿಗೆ ಬಂದಿದೆ. ಗೋಡೆ ಬದಲಾಗಿದೆ, ಗೋಂದು ಉಳಿದಿದೆ.

ಈ ಲೇಖನ ವಾಟ್ಸಾಪ್ ಬೇಡ ಅನ್ನಲು ಬರೆದದ್ದಲ್ಲ. ನೀವು ಇದನ್ನು ಓದುತ್ತಿರುವುದೂ ಬಹುಶಃ ಅಲ್ಲಿ ಬಂದ ಲಿಂಕ್ ಒತ್ತಿಯೇ. ನಾನು ಕೇಳುತ್ತಿರುವುದು ಸಣ್ಣದೊಂದು ಸಂಗತಿ. ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಗೂ ಒಬ್ಬ ಮೆಂಟರ್ ಅಂತ ಇದ್ದಾರೆ. ಆ ಮೆಂಟರ್ ತನ್ನ ಪಾಲಿನ ಮಕ್ಕಳಿಗೆ, ಒಬ್ಬೊಬ್ಬರಿಗೆ, ಸಾದಾ ಎಸ್ಸೆಮ್ಮೆಸ್ ಕಳಿಸಬೇಕು. ಕನ್ನಡದಲ್ಲಿ, ತನ್ನ ಹೆಸರು ಹಾಕಿ. ತಿರುಗಿ ಮೆಸೇಜು ಬಂದರೆ ಉತ್ತರ ಕೊಡಬೇಕು. ಇಷ್ಟೇ.

ಮೆಂಟರ್ ಅಂದರೇನು ಅಂತ ಊರಿನ ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ. ಮಕ್ಕಳಿಗೇ ಗೊತ್ತಿಲ್ಲದ ಕಾಲೇಜುಗಳೂ ಇವೆ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆ ತನ್ನ ಮಾನದಂಡಗಳಲ್ಲಿ ‘ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮೆಂಟರ್’ ಅಂತ ಕೇಳುತ್ತದೆ. ಹಾಗಾಗಿ ಕಾಲೇಜುಗಳು ಉಪನ್ಯಾಸಕರಿಗೆ ಇಪ್ಪತ್ತೋ ಮೂವತ್ತೋ ಮಕ್ಕಳನ್ನು ಹಂಚಿ ಒಂದು ಪಟ್ಟಿ ಮಾಡಿರುತ್ತವೆ. ಪಟ್ಟಿಗೆ ಒಂದು ರಿಜಿಸ್ಟರ್, ರಿಜಿಸ್ಟರಿಗೆ ಒಂದು ಸಹಿ. ನಾನು ಓದಿದ ಕಾಲೇಜಿನಲ್ಲಿ ನ್ಯಾಕ್ ತಂಡ ಬರುವ ಹಿಂದಿನ ವಾರ ನಮ್ಮನ್ನೆಲ್ಲ ಕೂರಿಸಿ ಮೂರು ವರ್ಷದ ‘ಸಮಾಲೋಚನೆ’ಗೆ ಒಂದೇ ಮಧ್ಯಾಹ್ನ ಸಹಿ ಹಾಕಿಸಿದರು. ಪೆನ್ನಿನ ಬಣ್ಣ ಬೇರೆ ಬೇರೆ ಇರಲಿ ಅಂತ ಗುಮಾಸ್ತರು ನೀಲಿ ಒಂದು, ಕಪ್ಪು ಒಂದು ಕೊಟ್ಟಿದ್ದರು. ಆ ಕಾಲೇಜಿನ ಹೆಸರು ಹೇಳಲ್ಲ. ನಿಮ್ಮ ತಾಲ್ಲೂಕಿನ ಕಾಲೇಜಿನ ಹೆಸರು ಹಾಕಿಕೊಂಡು ಓದಿದರೂ ಲೆಕ್ಕ ತಪ್ಪಲಾರದು.

ಆದರೆ ಆ ಹುದ್ದೆಯ ಅಗತ್ಯ ಈಗ ಮೊದಲಿಗಿಂತ ಹೆಚ್ಚಾಗಿದೆ. 2021-22ರಲ್ಲಿ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿ ಬಂತು, ಪದವಿ ನಾಲ್ಕು ವರ್ಷಕ್ಕೂ ಆಗಬಹುದು ಅಂದರು. 2024-25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದರು. ಒಂದೇ ಕಾಲೇಜಿನಲ್ಲಿ ಅಕ್ಕನಿಗೆ ಒಂದು ಪಠ್ಯಕ್ರಮ, ತಂಗಿಗೆ ಇನ್ನೊಂದು. ಯಾವ ಐಚ್ಛಿಕ ವಿಷಯ ತಗೊಂಡರೆ ಮುಂದೆ ಬಿ.ಎಡ್‌ಗೆ ಅಡ್ಡಿಯಿಲ್ಲ, ಉಳಿದ ಬ್ಯಾಕ್ ಪೇಪರ್ ಯಾವ ಪಠ್ಯಕ್ರಮದಲ್ಲಿ ಬರೆಯಬೇಕು ಅಂತ ಮನೆಯಲ್ಲಿ ಹೇಳಲು ಯಾರಿದ್ದಾರೆ? ಪದವಿ ಮೆಟ್ಟಿಲು ಹತ್ತಿದ ಮೊದಲ ತಲೆ ಅದೇ ಹುಡುಗಿ ಆಗಿರುತ್ತಾಳೆ.

ಇನ್ನು ಅರ್ಜಿಗಳ ಪಾಡು. ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶ ಎಲ್ಲ ಯುಯುಸಿಎಂಎಸ್ ಎಂಬ ಪೋರ್ಟಲಿನಲ್ಲಿ. ಸ್ಕಾಲರ್‌ಶಿಪ್ ಎಸ್‌ಎಸ್‌ಪಿ ಎಂಬ ಇನ್ನೊಂದು ಪೋರ್ಟಲಿನಲ್ಲಿ. ಅದಕ್ಕೆ ನಾಡಕಚೇರಿಯ ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್ ಬೇಕು, ದಾಖಲೆಗಳಿಗೆ ಇ-ಅಟೆಸ್ಟೇಷನ್ ಆಗಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಇದರಲ್ಲಿ ಯಾವುದೋ ಒಂದು ಕೊಂಡಿ ತಪ್ಪಿದರೆ ದುಡ್ಡು ಬರಲ್ಲ. ತಪ್ಪಿದ್ದು ಯಾವ ಕೊಂಡಿ ಅಂತ ಹುಡುಗನಿಗೆ ತಿಳಿಯುವ ಹೊತ್ತಿಗೆ ದಿನಾಂಕ ಮುಗಿದಿರುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆಂದು ವಿದ್ಯಾಸಿರಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು ಅಂತ ಇತ್ತು. ಅಂದರೆ 15,000. ನಿಮ್ಮ ಊರಿನಲ್ಲಿ ಒಂದು ಆಳಿನ ಕೂಲಿಯಿಂದ ಭಾಗಿಸಿ ನೋಡಿ, ಎಷ್ಟು ದಿನದ ದುಡಿಮೆ ಅಂತ. ಒಂದು ಪಿಡಿಎಫ್ ತೆರೆಯದಿದ್ದ ತಪ್ಪಿಗೆ ಅಷ್ಟು ಹೋಗುತ್ತದೆ.

ಆ ಪಿಡಿಎಫ್ ಬಗ್ಗೆಯೂ ಹೇಳಬೇಕು. ಮೇಲಿನಿಂದ ಸುತ್ತೋಲೆ ಬರುತ್ತದೆ, ಐದು ಪುಟ. ಪ್ರಾಂಶುಪಾಲರು ಉಪನ್ಯಾಸಕರ ಗ್ರೂಪಿಗೆ ಒತ್ತುತ್ತಾರೆ, ಉಪನ್ಯಾಸಕರು ಮಕ್ಕಳ ಗ್ರೂಪಿಗೆ ಒತ್ತುತ್ತಾರೆ. ಯಾರೂ ಓದಿರಲ್ಲ. ಅದರ ಕೆಳಗೆ ಎಂಬತ್ತು ‘ಓಕೆ ಸರ್’, ಇಪ್ಪತ್ತು ಕೈಮುಗಿದ ಚಿತ್ರ, ಯಾರದೋ ಹುಟ್ಟುಹಬ್ಬ, ಒಂದು ‘ಶುಭೋದಯ’. ಎರಡು ದಿನ ನೆಟ್ ಇಲ್ಲದೆ ಮೂರನೇ ದಿನ ಹಾಕಿಸಿಕೊಂಡವನ ಫೋನಿಗೆ ಎಲ್ಲ ಒಟ್ಟಿಗೆ ಸುರಿಯುತ್ತದೆ. ನಾಲ್ಕನೇ ಪುಟದ ಮೂಲೆಯಲ್ಲಿರುವ ಕೊನೇ ದಿನಾಂಕ ಅವನಿಗೆ ಕಾಣಬೇಕು ಅನ್ನುವುದು ಯಾವ ನ್ಯಾಯ?

ಎಸ್ಸೆಮ್ಮೆಸ್‌ಗೆ ನೆಟ್ ಬೇಡ. ಕೀಪ್ಯಾಡ್ ಸೆಟ್ಟಿಗೂ ಬರುತ್ತದೆ. ಫೋನ್ ಆಫ್ ಆಗಿದ್ದರೆ ಆನ್ ಆದಮೇಲೆ ಬರುತ್ತದೆ. ಗುಡ್ಡದ ಮರೆಯಲ್ಲಿ, ಒಂದೇ ಕಡ್ಡಿ ಸಿಗ್ನಲ್ ಇರುವಲ್ಲಿ, ವಾಟ್ಸಾಪಿನ ಗಡಿಯಾರ ಗುರುತು ತಿರುಗುತ್ತಲೇ ಇರುವಾಗ ಸಾದಾ ಮೆಸೇಜು ತಲುಪಿರುತ್ತದೆ. 2024ರ ಜುಲೈನಲ್ಲಿ ಕಂಪನಿಗಳು ರೀಚಾರ್ಜ್ ದರ ಏರಿಸಿದ ಮೇಲೆ ಮನೆಯ ಎರಡು ಫೋನಿನಲ್ಲಿ ಒಂದಕ್ಕೆ ಮಾತ್ರ ನೆಟ್ ಹಾಕಿಸುವ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಆ ವರ್ಷದ ಡಿಸೆಂಬರ್‌ನಲ್ಲಿ ಟ್ರಾಯ್, ಕರೆ ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರವೇ ಪ್ರತ್ಯೇಕ ಪ್ಯಾಕ್ ಕೊಡಲೇಬೇಕು ಅಂತ ಕಂಪನಿಗಳಿಗೆ ನಿಯಮ ಮಾಡಿತು. ನೆಟ್ ಬೇಡದ, ನೆಟ್ಟಿಗೆ ದುಡ್ಡಿಲ್ಲದ ಜನ ಇನ್ನೂ ಇದ್ದಾರೆ ಅಂತ ದೆಹಲಿಯಲ್ಲಿ ಕೂತವರಿಗೆ ತಿಳಿದಿದೆ. ತಾಲ್ಲೂಕಿನ ಕಾಲೇಜಿಗೆ ತಿಳಿದಿಲ್ಲ.

ಈಗ ಫೋನ್ ಯಾರ ಕೈಯಲ್ಲಿದೆ ಅನ್ನುವ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ದೇಶದಲ್ಲಿ ಶೇ. 54. ಹಳ್ಳಿಗಳಲ್ಲಿ ಅರ್ಧಕ್ಕಿಂತ ಕಡಿಮೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಹುಡುಗಿಯರು ಕಾಲೇಜಿಗೆ ಬರುತ್ತಿದ್ದಾರೆ, ಸಂತೋಷ. ಆದರೆ ಅವರು ಅರ್ಜಿಯಲ್ಲಿ ಬರೆದ ನಂಬರ್ ಅಪ್ಪನದು, ಅಣ್ಣನದು, ಕೆಲವೊಮ್ಮೆ ಪಕ್ಕದ ಮನೆಯ ಚಿಕ್ಕಪ್ಪನದು. ಆ ಅಣ್ಣ ಬೆಂಗಳೂರಿನಲ್ಲಿ ಗಾರ್ಮೆಂಟ್ಸಿನಲ್ಲಿದ್ದರೆ ತಂಗಿಯ ಕಾಲೇಜು ಗ್ರೂಪು ಅವನ ಫೋನಿನಲ್ಲಿ ಸದ್ದಿಲ್ಲದೆ ಬಿದ್ದಿರುತ್ತದೆ.

ಹಾಗಾದರೆ ಎಸ್ಸೆಮ್ಮೆಸ್ ಕಳಿಸಿದರೂ ಅಣ್ಣನಿಗೇ ಹೋಗುತ್ತಲ್ಲ ಅಂತ ಕೇಳಬಹುದು. ಹೌದು, ಹೋಗುತ್ತದೆ. ಆದರೆ ಒಂದು ಸಾಲಿನ ಮೆಸೇಜನ್ನು ಅಣ್ಣ ಫೋನ್ ಮಾಡಿ ಓದಿ ಹೇಳಬಹುದು, ಅಪ್ಪ ಹೊಲದಿಂದ ಬಂದು ಕೇಳಿಸಬಹುದು. ಇನ್ನೂರು ಜನರ ಗ್ರೂಪನ್ನು ಯಾರೂ ಓದಿ ಹೇಳಲ್ಲ. ಅದಕ್ಕೇ ಮೆಂಟರ್ ಕಳಿಸುವುದು ಮನೆಯವರ ಮುಂದೆ ಗಟ್ಟಿಯಾಗಿ ಓದಬಹುದಾದ ಮಾತಾಗಿರಬೇಕು. ದಿನಾಂಕ, ಜಾಗ, ತರಬೇಕಾದ ಕಾಗದ, ಅಷ್ಟು ಮಾತ್ರ. ‘ನಿನ್ನ ಹಾಜರಾತಿ ಕಡಿಮೆ ಇದೆ, ಎಲ್ಲಿ ಹೋಗ್ತೀಯ?’ ಅಂತ ಒಂದು ಸಾಲು ಅಪ್ಪನ ಫೋನಿಗೆ ಬಿದ್ದರೆ ಕೆಲವು ಮನೆಗಳಲ್ಲಿ ಮಾರನೇ ದಿನವೇ ಓದು ನಿಲ್ಲುತ್ತದೆ, ತಿಂಗಳೊಳಗೆ ಗಂಡು ನೋಡುತ್ತಾರೆ. ಹುಡುಗಿ ಬಸ್ ತಪ್ಪಿಸಿಕೊಂಡು ಮೊದಲ ಪೀರಿಯಡ್ ಕಳಕೊಂಡಿದ್ದಳು ಅನ್ನುವುದು ಯಾರಿಗೂ ಬೇಕಾಗಿರಲ್ಲ. ಅಂಥ ಮಾತಿಗೆ ಮೆಸೇಜು ಸಲ್ಲ. ‘ನಾಳೆ 11ಕ್ಕೆ ಬಂದು ನೋಡು’ ಅಂದರೆ ಸಾಕು, ಉಳಿದದ್ದು ಎದುರು ಕೂತು.

ಇನ್ನೊಂದು ವಿಷಯವನ್ನು ಕಾಲೇಜುಗಳು ಎಂದೂ ಬಾಯಿ ಬಿಟ್ಟು ಹೇಳಲ್ಲ. ವಾಟ್ಸಾಪ್ ಗ್ರೂಪಿಗೆ ಸೇರಿಸಿದ ತಕ್ಷಣ ಹುಡುಗಿಯ ನಂಬರ್ ಇಡೀ ಕ್ಲಾಸಿಗೆ ಸಿಗುತ್ತದೆ. ಅವಳನ್ನು ಕೇಳಿದ್ದರೇ? ಇಲ್ಲ. ರಾತ್ರಿ ಹನ್ನೊಂದಕ್ಕೆ ‘ಹಾಯ್’ ಅಂತ ಬಂದರೆ ಅವಳು ಯಾರಿಗೆ ಹೇಳಬೇಕು? ಮನೆಯಲ್ಲಿ ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ, ಕಾಲೇಜಿನಲ್ಲಿ ಹೇಳಿದರೆ ‘ಬ್ಲಾಕ್ ಮಾಡಮ್ಮ’ ಅನ್ನುತ್ತಾರೆ. ಗ್ರೂಪ್ ಬಿಟ್ಟು ಹೊರಬಂದ ಹುಡುಗಿಯರಿದ್ದಾರೆ. ಬಿಟ್ಟಿದ್ದಕ್ಕೆ ಪರೀಕ್ಷೆಯ ವಿಷಯ ತಪ್ಪಿಸಿಕೊಂಡವರೂ ಇದ್ದಾರೆ. ಇದಕ್ಕಿಂತ ಅನ್ಯಾಯ ಬೇರೆ ಬೇಕೆ? ಒಬ್ಬರಿಗೊಬ್ಬರು ಕಳಿಸುವ ಎಸ್ಸೆಮ್ಮೆಸ್‌ನಲ್ಲಿ ಅವಳ ನಂಬರ್ ಮೆಂಟರ್ ಹತ್ತಿರ ಮಾತ್ರ ಇರುತ್ತದೆ.

ಮೆಂಟರ್ ಹತ್ತಿರ ಇರುವುದೂ ಭಯವೇ ಅಂತ ಒಬ್ಬ ಗೆಳತಿ ಹೇಳಿದಳು. ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ಅದಕ್ಕೇ ಸ್ವಂತ ನಂಬರ್ ಬೇಡ ಅನ್ನುತ್ತೇನೆ. ಕಾಲೇಜು ಸಿಮ್ ಕೊಡಲಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮಾತ್ರ ಅದರಿಂದ ಮೆಸೇಜು ಹೋಗಲಿ. ಕಳಿಸಿದ್ದು, ಬಂದದ್ದು ಎಲ್ಲ ಆ ಫೋನಿನಲ್ಲೇ ಉಳಿಯಲಿ, ಪ್ರಾಂಶುಪಾಲರು ಯಾವಾಗ ಬೇಕಾದರೂ ನೋಡುವಂತಿರಲಿ. ನ್ಯಾಕ್ ತಂಡಕ್ಕೆ ತೋರಿಸಲು ಇದಕ್ಕಿಂತ ಒಳ್ಳೆಯ ರಿಜಿಸ್ಟರ್ ಯಾವುದಿದೆ? ಪೆನ್ನಿನ ಬಣ್ಣ ಬದಲಿಸುವ ತಾಪತ್ರಯವೂ ಇಲ್ಲ.

ಸಿಮ್ ಯಾಕೆ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ. 2023ರ ಕೊನೆಯಲ್ಲಿ ಅವರು ಕಾಯಂ ಮಾಡಿ ಅಂತ ತರಗತಿ ಬಿಟ್ಟು ಹೋರಾಟಕ್ಕೆ ಕೂತಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತ್ತು. ಈ ವರ್ಷ ಇಲ್ಲಿ, ಮುಂದಿನ ವರ್ಷ ಎಲ್ಲಿ ಅಂತ ತಿಳಿಯದ ಮನುಷ್ಯನ ಸ್ವಂತ ನಂಬರನ್ನು ಮಕ್ಕಳು ‘ನಮ್ಮ ಮೆಂಟರ್’ ಅಂತ ಸೇವ್ ಮಾಡಿಕೊಂಡರೆ, ಅವರು ಬೇರೆ ಕಾಲೇಜಿಗೆ ಹೋದ ದಿನ ದಾರಿಯೇ ಕಡಿಯುತ್ತದೆ. ಕಾಲೇಜಿನ ಸಿಮ್ ಆದರೆ ಮೆಂಟರ್ ಬದಲಾದರೂ ನಂಬರ್ ಉಳಿಯುತ್ತದೆ. ಗೌರವಧನಕ್ಕೆ ಕಾಯುವವರ ಜೇಬಿನಿಂದ ಸರ್ಕಾರದ ಕೆಲಸಕ್ಕೆ ರೀಚಾರ್ಜ್ ಮಾಡಿಸುವುದು ನಾಚಿಕೆಗೇಡು ಅನ್ನುವುದೂ ಇದೆ.

‘ಇಲಾಖೆಯಿಂದಲೇ ಎಸ್ಸೆಮ್ಮೆಸ್ ಬರುತ್ತಲ್ಲ’ ಅನ್ನುವವರಿಗೆ: ಬರುತ್ತದೆ, ನೋಡಿದ್ದೇವೆ. ಕಂಪ್ಯೂಟರಿನಿಂದ ಸಾವಿರಾರು ಜನರಿಗೆ ಕಳಿಸುವ ಮೆಸೇಜಿಗೆ ಟ್ರಾಯ್ ನಿಯಮದಂತೆ ಹೆಸರು ನೋಂದಾಯಿಸಬೇಕು, ಒಕ್ಕಣೆಯ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ಮೋಸದ ಮೆಸೇಜು ತಡೆಯಲು ಅದು ಒಳ್ಳೆಯದೇ. ಆದರೆ ಇಂಗ್ಲಿಷ್ ಅಕ್ಷರಗಳ ಗುಡ್ಡೆಯಂಥ ಹೆಸರಿನಿಂದ ಬರುವ ಅಂಥ ಮೆಸೇಜಿಗೆ ತಿರುಗಿ ಬರೆಯಲು ಆಗಲ್ಲ. ಸಾಲದ ಜಾಹೀರಾತು, ಬ್ಯಾಂಕಿನ ಓಟಿಪಿ, ರೀಚಾರ್ಜ್ ಮುಗಿಯಿತು ಅನ್ನುವ ಎಚ್ಚರಿಕೆಗಳ ನಡುವೆ ಅದೂ ಒಂದು. ಮೂವತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು ತಮ್ಮ ಫೋನಿನಿಂದ ಕಳಿಸುವುದಕ್ಕೆ ಯಾವ ನೋಂದಣಿಯೂ ಬೇಡ, ಟೆಂಡರೂ ಬೇಡ. ಬಹುತೇಕ ಪ್ಯಾಕ್‌ಗಳಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಇದ್ದೇ ಇರುತ್ತದೆ, ಅದು ಕೊಳೆಯುತ್ತಿದೆ.

ಇದು ನನ್ನ ಊಹೆಯಲ್ಲ. ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದಾರೆ. ಅಲ್ಲಿ ಕಾಲೇಜಿಗೆ ಸೀಟು ಸಿಕ್ಕ ಬಡ ಮಕ್ಕಳು ಬೇಸಿಗೆ ರಜೆಯಲ್ಲಿ ಅರ್ಜಿ, ಶುಲ್ಕ, ಸಹಾಯಧನದ ಗೊಂದಲಕ್ಕೆ ಸಿಕ್ಕಿ ಕಾಲೇಜಿಗೆ ಸೇರದೇ ಹೋಗುತ್ತಿದ್ದರು. ಬೆನ್ ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ ಎಂಬ ಇಬ್ಬರು ಸಂಶೋಧಕರು 2012ರ ಬೇಸಿಗೆಯಲ್ಲಿ ಅಂಥ ಮಕ್ಕಳಿಗೆ ಮಾಡಬೇಕಾದ ಕೆಲಸಗಳನ್ನು ನೆನಪಿಸುವ ಸಾದಾ ಮೆಸೇಜು ಕಳಿಸಿದರು. ಬೇಕಿದ್ದರೆ ತಿರುಗಿ ಬರೆದು ಸಲಹೆಗಾರರ ನೆರವು ಕೇಳಬಹುದಿತ್ತು. ತಲೆಗೆ ಏಳು ಡಾಲರ್ ಆಸುಪಾಸಿನ ಖರ್ಚು. ಮನೆಯಲ್ಲಿ ಹೇಳುವವರಿಲ್ಲದ ಊರುಗಳಲ್ಲಿ ಸೇರುವವರ ಪ್ರಮಾಣ ಏರಿತು. ಆಮೇಲೆ ಇದೇ ಚೆನ್ನಾಗಿದೆ ಅಂತ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ದೊಡ್ಡ ಸಂಸ್ಥೆಗಳ ಹೆಸರಿನಲ್ಲಿ ನೆನಪೋಲೆ ಕಳಿಸುವ ಪ್ರಯೋಗ ನಡೆಯಿತು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೇರ್ಪಡೆಯೂ ಹೆಚ್ಚಲಿಲ್ಲ, ಸಹಾಯಧನ ಪಡೆದವರೂ ಹೆಚ್ಚಲಿಲ್ಲ. ಬರೆದವರಲ್ಲಿ ಅದೇ ಕ್ಯಾಸಲ್‌ಮನ್ ಕೂಡ ಇದ್ದರು.

ನನಗೆ ಕಾಣುವುದು ಇಷ್ಟು. ಗುರುತಿನ ಸಲಹೆಗಾರ ಹತ್ತಿರದಲ್ಲಿದ್ದು ಕಳಿಸಿದ ಮೆಸೇಜು ಕೆಲಸ ಮಾಡಿತು. ಯಾರೋ ದೂರದವರು ಲಕ್ಷಾಂತರ ಜನರಿಗೆ ಕಳಿಸಿದ್ದು ಮಾಡಲಿಲ್ಲ. ನಮ್ಮ ಅಧಿಕಾರಿಗಳು ಇನ್ನೊಂದು ಆ್ಯಪ್ ಮಾಡಿಸಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡುವ ಮೊದಲು ಇದನ್ನೊಮ್ಮೆ ಓದಲಿ.

ಇನ್ನು ಕನ್ನಡದ ತಕರಾರು. ‘ಕನ್ನಡದಲ್ಲಿ ಎಸ್ಸೆಮ್ಮೆಸ್ ಹಿಡಿಸಲ್ಲ’ ಅನ್ನುತ್ತಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ. ಕನ್ನಡ ಲಿಪಿಗೆ 70. ಅದರಲ್ಲೂ ಒತ್ತು, ದೀರ್ಘ, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕ. ‘ವಿದ್ಯಾರ್ಥಿವೇತನ’ ಅನ್ನುವುದು ಕಣ್ಣಿಗೆ ಆರೇ ಅಕ್ಷರ, ಫೋನಿನ ಲೆಕ್ಕಕ್ಕೆ 14. ಸರ್ಕಾರಿ ಭಾಷೆಯಲ್ಲಿ ‘ಈ ಮೂಲಕ ಸಮಸ್ತ ವಿದ್ಯಾರ್ಥಿಗಳ ಗಮನಕ್ಕೆ ತರಲಾಗುವುದೇನೆಂದರೆ’ ಅಂತ ಶುರು ಮಾಡಿದರೆ ವಿಷಯಕ್ಕೆ ಬರುವ ಮೊದಲೇ 70ರಲ್ಲಿ 50 ಮುಗಿದಿರುತ್ತದೆ. ಮಾತನಾಡುವ ಹಾಗೆ ಬರೆದರೆ ಹಿಡಿಸುತ್ತದೆ:

‘ಶುಕ್ರವಾರ 4ಕ್ಕೆ ಪರೀಕ್ಷೆ ಫೀ ಕೊನೆ. ಆಗಲ್ಲ ಅಂದ್ರೆ ಫೋನ್ ಮಾಡು. -ಕನ್ನಡ ಮೇಡಂ’

ಎಣಿಸಿದ್ದೇನೆ, 67. ಐದು ಪುಟದ ಪಿಡಿಎಫ್‌ನಲ್ಲಿ ಆ ಹುಡುಗನಿಗೆ ಬೇಕಾಗಿದ್ದದ್ದು ಇಷ್ಟೇ. ಅದರಲ್ಲೂ ‘ಆಗಲ್ಲ ಅಂದ್ರೆ ಫೋನ್ ಮಾಡು’ ಅನ್ನುವ ಸಾಲು ಯಾವ ಸುತ್ತೋಲೆಯಲ್ಲೂ ಇರಲ್ಲ. ದುಡ್ಡು ಹೊಂದಿಸಲಾಗದೆ ಸುಮ್ಮನೆ ಕಾಲೇಜು ಬಿಡುವವನಿಗೆ ಆ ಸಾಲೇ ಬಾಗಿಲು. 70 ದಾಟಿದರೂ ಲೋಕ ಮುಳುಗಲ್ಲ, ಎರಡು ಮೆಸೇಜಿನ ಲೆಕ್ಕವಾಗುತ್ತದೆ, ಅಷ್ಟೇ. ದೇಶದಲ್ಲಿ ಮಾರುವ ಮೊಬೈಲುಗಳಲ್ಲಿ 22 ಭಾರತೀಯ ಭಾಷೆಗಳ ಮೆಸೇಜು ಓದಲು ಬರಬೇಕು ಅಂತ ಕೇಂದ್ರ ಸರ್ಕಾರ 2016ರಲ್ಲೇ ಆದೇಶ ಮಾಡಿದೆ. ಅದಕ್ಕಿಂತ ಹಳೆಯ ಸೆಟ್ಟಿನಲ್ಲಿ ಡಬ್ಬಿ ಡಬ್ಬಿ ಕಂಡರೆ ಅಂಥವರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟು ಮಾತಾಡಿ. ಇಡೀ ಪಟ್ಟಿಯಲ್ಲಿ ಇಬ್ಬರೋ ಮೂವರೋ ಸಿಕ್ಕಾರು.

ಮೇಷ್ಟ್ರುಗಳ ಕಷ್ಟ ಗೊತ್ತಿಲ್ಲದೆ ಬರೆಯುತ್ತಿಲ್ಲ. ಪಾಠ, ಮೌಲ್ಯಮಾಪನ, ಚುನಾವಣೆ ಕೆಲಸ, ಸಮೀಕ್ಷೆ, ಪೋರ್ಟಲಿಗೆ ಅಂಕ ತುಂಬುವುದು. ಇದರ ಮೇಲೆ ಇದೊಂದು ಬೇರೆಯೇ ಅಂತ ಸಿಟ್ಟು ಬರಬಹುದು. ಆದರೆ ಮೂವತ್ತು ಮಕ್ಕಳಿಗೆ ಒಂದೇ ಒಕ್ಕಣೆ ಕಳಿಸಲು ಹತ್ತು ನಿಮಿಷ. ವರ್ಷಕ್ಕೆ ಮುಖ್ಯವಾದ ದಿನಾಂಕಗಳು ಹತ್ತೋ ಹನ್ನೆರಡೋ. ಕಿಟಕಿಯ ಮುಂದೆ ಅಳುವ ಹುಡುಗಿಗೆ ‘ಈಗ ಏನೂ ಮಾಡೋಕಾಗಲ್ಲ’ ಅಂತ ಹೇಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅವಳ ಪರವಾಗಿ ಯಾರ್‍ಯಾರಿಗೋ ಫೋನ್ ಮಾಡುತ್ತ ಅರ್ಧ ದಿನ ಕಳೆದ ಮೇಷ್ಟ್ರುಗಳನ್ನೂ ನಾನು ಕಂಡಿದ್ದೇನೆ. ಅಂಥವರು ಈ ಮಾತಿಗೆ ಬೇಜಾರಾಗಲಾರರು.

ಓದುತ್ತಿರುವ ಅಪ್ಪ ಅಮ್ಮಂದಿರೆ, ಪ್ರವೇಶದ ಅರ್ಜಿ ತುಂಬಿಸುವಾಗ ನಿಮ್ಮ ಮಗಳ ಜೊತೆ ಒಮ್ಮೆ ಹೋಗಿ. ನಂಬರ್ ಬರೆಯುವ ಜಾಗದಲ್ಲಿ ‘ಈ ಫೋನ್ ಹಗಲು ಯಾರ ಕೈಯಲ್ಲಿರುತ್ತದೆ?’ ಅಂತ ಒಂದು ಸಾಲು ಇಲ್ಲದಿದ್ದರೆ ನೀವೇ ಪಕ್ಕದಲ್ಲಿ ಬರೆದು ಕೊಡಿ. ‘ನಮ್ಮ ಹುಡುಗಿಯ ಮೆಂಟರ್ ಯಾರು?’ ಅಂತ ಕೇಳಿ, ಹೆಸರು ಬರೆದುಕೊಂಡು ಬನ್ನಿ. ಸರ್ಕಾರಿ ಪದವಿ ಕಾಲೇಜಿಗೆ ಕಾಲೇಜು ಅಭಿವೃದ್ಧಿ ಸಮಿತಿ ಅಂತ ಒಂದಿದೆ, ಅದಕ್ಕೆ ಶಾಸಕರೇ ಅಧ್ಯಕ್ಷರು. ಅವರು ನಿಮ್ಮ ಊರಿಗೆ ಗುದ್ದಲಿ ಪೂಜೆಗೆ ಬಂದಾಗ ರಸ್ತೆ, ಚರಂಡಿ ಕೇಳಿದ ಮೇಲೆ ಇದನ್ನೂ ಕೇಳಿ. ಕಾಲೇಜಿನ ಮೆಂಟರುಗಳಿಗೆ ಒಂದೊಂದು ಸಿಮ್, ಒಂದೊಂದು ಕೀಪ್ಯಾಡ್ ಸೆಟ್ಟು. ಗುದ್ದಲಿ ಪೂಜೆಯ ಶಾಮಿಯಾನದ ಬಾಡಿಗೆ ಎಷ್ಟು ಅಂತ ಅಲ್ಲೇ ವಿಚಾರಿಸಿದರೆ ಲೆಕ್ಕ ಹಾಕಲು ಅನುಕೂಲ.